ಸಾಕ್ಷಿಗಳಿದ್ದಾರೆ, ಕೇಳುವವರು ಯಾರು?

ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ 2019ರ ಬೇಸಿಗೆಯಲ್ಲಿ ಕೆಲವು ಮನೆಗಳಿಗೆ ಒಂದು ಪುಟ್ಟ ಪೆಟ್ಟಿಗೆ ಬಂತು. ನೋಡಲು ವೈಫೈ ರೌಟರಿನಂತೆಯೇ ಇತ್ತು, ಬೆಲೆ ಸುಮಾರು 500 ಡಾಲರ್. ಅದನ್ನು ಮನೆಯ ಇಂಟರ್ನೆಟ್ಟಿಗೆ ಜೋಡಿಸಿ ಕಿಟಕಿಯ ಬಳಿ ಇಟ್ಟರೆ ಸುತ್ತಲಿನ ಒಂದಷ್ಟು ಪ್ರದೇಶಕ್ಕೆ ನಿಸ್ತಂತು ಜಾಲ ಸಿಗುತ್ತಿತ್ತು. ಆ ಜಾಲ ನಮ್ಮ ನಿಮ್ಮ ಫೋನಿಗಲ್ಲ. ಹೊಲದ ತೇವ ಅಳೆಯುವ ಸಾಧನ, ನೀರಿನ ಮೀಟರು, ದನದ ಕೊರಳಿನ ಪಟ್ಟಿ ಇಂಥ ಬಡ ಯಂತ್ರಗಳಿಗೆ. ಅವು ಹೆಚ್ಚು ಮಾತಾಡುವುದಿಲ್ಲ. ದಿನಕ್ಕೆ ನಾಲ್ಕಾರು ಸಲ ನಾಲ್ಕಾರು ಅಂಕಿ ಕಳಿಸಿದರೆ ಅವುಗಳ ಕೆಲಸ ಮುಗಿಯಿತು. ಅದನ್ನು ಕೇಳಿಸಿಕೊಂಡು ಇಂಟರ್ನೆಟ್ಟಿಗೆ ದಾಟಿಸುವುದು ಪೆಟ್ಟಿಗೆಯ ಕೆಲಸ. ಅದಕ್ಕೆ ಪ್ರತಿಫಲವಾಗಿ ಪೆಟ್ಟಿಗೆಯ ಯಜಮಾನನ ಖಾತೆಗೆ ಎಚ್‌ಎನ್‌ಟಿ ಎಂಬ ಕ್ರಿಪ್ಟೋ ನಾಣ್ಯ ಬಂದು ಬೀಳುತ್ತಿತ್ತು. 2013ರಲ್ಲಿ ಹುಟ್ಟಿದ ಹೀಲಿಯಂ ಎಂಬ ಕಂಪನಿ ಇದರ ಹಿಂದಿತ್ತು. ಇದನ್ನು ಅವರು 'ಜನರ ಜಾಲ' ಎಂದು ಕರೆದರು.

ಪೆಟ್ಟಿಗೆ ಕಿಟಕಿಯಲ್ಲಿ ಬಹಳ ಕಾಲ ಕೂರಲಿಲ್ಲ. ರೇಡಿಯೋ ಅಲೆಗಳಿಗೆ ಎತ್ತರ ಬೇಕು, ಎದುರಿಗೆ ಅಡ್ಡ ಇರಬಾರದು. ಹಾಗಾಗಿ ಜನ ಏಣಿ ಹಾಕಿ ಮಾಡು ಹತ್ತಿದರು. ಚಿಮ್ನಿಗೆ ಲೋಹದ ಪಟ್ಟಿ ಬಿಗಿದು ಕಂಬ ನಿಲ್ಲಿಸಿ, ಅದರ ತುದಿಗೆ ಫೈಬರ್‌ಗ್ಲಾಸಿನ ಕೋಲಿನಂಥ ಆಂಟೆನಾ ಕೂರಿಸಿದರು. ಆಂಟೆನಾದಿಂದ ಪೆಟ್ಟಿಗೆಗೆ ಬರುವ ಕೇಬಲ್ಲು ಉದ್ದವಾದಷ್ಟೂ ಸಂಕೇತ ಸೋರಿಹೋಗುತ್ತದೆ. ಅದಕ್ಕಾಗಿ ಪೆಟ್ಟಿಗೆಯನ್ನೇ ಮಳೆ ಬಿಸಿಲು ತಾಗದ ಡಬ್ಬಿಯೊಳಗೆ ಇಟ್ಟು ಕಂಬದ ಬುಡಕ್ಕೆ ಏರಿಸಿದರು. ಸಿಡಿಲಿಗೆ ಹೆದರಿ ತಾಮ್ರದ ತಂತಿ ಎಳೆದು ಭೂಮಿಗೆ ಇಳಿಸಿದರು. ಯಾವ ಆಂಟೆನಾ ಒಳ್ಳೆಯದು ಎಂಬುದೇ ಒಂದು ಶಾಸ್ತ್ರವಾಯಿತು. ಇಂಥ ಆಂಟೆನಾದ ಅಲೆ ಹರಡುವ ಆಕಾರವನ್ನು ಉದ್ದಿನ ವಡೆಗೆ ಹೋಲಿಸಬಹುದು, ನಡುವಿನ ತೂತಿನಲ್ಲಿ ಕಂಬ ನಿಂತಿದೆ. ಕಡಿಮೆ ಡಿಬಿಐ ಆಂಟೆನಾದ ವಡೆ ದಪ್ಪ. ಹೆಚ್ಚು ಡಿಬಿಐ ಇದ್ದರೆ ಅದೇ ಹಿಟ್ಟನ್ನು ಒತ್ತಿ ತೆಳ್ಳಗೆ ಮಾಡಿದ ಹಾಗೆ, ದೂರ ಹೋಗುತ್ತದೆ. ಆದರೆ ಗುಡ್ಡದ ಮೇಲಿನ ಮನೆಗೆ ಅದನ್ನು ತಂದು ಹಾಕಿದರೆ ಕೆಳಗಿನ ಕಣಿವೆಯವರ ತಲೆಯ ಮೇಲೆಯೇ ಹಾದುಹೋಗುತ್ತದೆ.

ಇಂಥ ಅಳವಡಿಕೆಗಳ ಚಿತ್ರಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಯಾವ ಎಂಜಿನಿಯರಿಂಗ್ ಓದೂ ಇಲ್ಲದವರು ಕೇಬಲ್ಲಿನ ಬಾಗು, ಕಂಬದ ನೇರ, ಜೋಡಣೆಗೆ ಸುತ್ತಿದ ಟೇಪು ಎಲ್ಲವನ್ನೂ ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆಂದರೆ ಮೆಚ್ಚದೆ ಇರಲು ಆಗುವುದಿಲ್ಲ. ನನ್ನ ಪ್ರಶ್ನೆ ಹುಟ್ಟುವುದು ಆ ಮೆಚ್ಚುಗೆಯಿಂದಲೇ. ಈ ಕಂಬಗಳು ದಿನವಿಡೀ ಏನು ಮಾಡುತ್ತಿದ್ದವು?

ಬಹುಪಾಲು ಹೊತ್ತು ಅವು ಒಂದನ್ನೊಂದು ಕೇಳಿಸಿಕೊಳ್ಳುತ್ತಿದ್ದವು. ಒಂದು ಪೆಟ್ಟಿಗೆ ನಿಜಕ್ಕೂ ಹೇಳಿದ ಜಾಗದಲ್ಲಿದೆಯೇ, ನಿಜಕ್ಕೂ ಜಾಲ ಒದಗಿಸುತ್ತಿದೆಯೇ ಎಂದು ತಿಳಿಯುವುದು ಹೇಗೆ? ಅದಕ್ಕೊಂದು ಉಪಾಯ ಮಾಡಿದ್ದರು. ಒಂದು ಪೆಟ್ಟಿಗೆ ಆಗಾಗ 'ನಾನಿದ್ದೇನೆ' ಎಂಬ ಸಂಕೇತ ಹೊರಡಿಸಬೇಕು. ಅದನ್ನು ಕೇಳಿಸಿಕೊಂಡ ಸುತ್ತಲಿನ ಪೆಟ್ಟಿಗೆಗಳು 'ಹೌದು, ಕೇಳಿಸಿತು' ಎಂದು ವರದಿ ಮಾಡಬೇಕು. ಕೇಳಿಸಿಕೊಂಡ ಪೆಟ್ಟಿಗೆಗೆ ಆ ವ್ಯವಸ್ಥೆಯಲ್ಲಿ ಇದ್ದ ಹೆಸರು 'ಸಾಕ್ಷಿ'. ಕೂಗಿದವರಿಗೂ ನಾಣ್ಯ, ಸಾಕ್ಷಿ ಹೇಳಿದವರಿಗೂ ನಾಣ್ಯ. ದತ್ತಾಂಶ ಸಾಗಿಸಿದ್ದಕ್ಕೂ ಒಂದು ಪಾಲು ಇತ್ತು. ಆದರೆ ಪೆಟ್ಟಿಗೆ ಕೊಂಡ ಬಹುತೇಕರ ಗಳಿಕೆ ಬಂದದ್ದು ಈ ಸಾಕ್ಷಿ ವ್ಯವಹಾರದಿಂದಲೇ. 2021ರ ನವೆಂಬರಿನಲ್ಲಿ ಆ ನಾಣ್ಯದ ಬೆಲೆ 50 ಡಾಲರ್ ದಾಟಿತ್ತು. ಪೆಟ್ಟಿಗೆಗಾಗಿ ಜನ ಹಣ ಕಟ್ಟಿ ತಿಂಗಳುಗಟ್ಟಲೆ ಕಾದರು. 2022ರಲ್ಲಿ ಜಗತ್ತಿನಾದ್ಯಂತ ಪೆಟ್ಟಿಗೆಗಳ ಸಂಖ್ಯೆ ಹತ್ತು ಲಕ್ಷದ ಹತ್ತಿರಕ್ಕೆ ಹೋಯಿತು.

ನಮ್ಮ ಕಡೆ ದೂರದರ್ಶನದ ಕಾಲದಲ್ಲಿ ಮಾಡಿನ ಮೇಲೆ ಅಲ್ಯೂಮಿನಿಯಂ ಆಂಟೆನಾ ಇರುತ್ತಿತ್ತಲ್ಲ, ಅದರ ಕಥೆಯನ್ನು ನನ್ನ ತಲೆಮಾರಿನವರು ಮನೆಯ ಹಿರಿಯರಿಂದ ಕೇಳಿದ್ದೇವೆ. ಗಾಳಿಗೆ ಆಂಟೆನಾ ತಿರುಗಿದರೆ ಒಬ್ಬರು ಮೇಲೆ ಹತ್ತಿ ಅದನ್ನು ಮೆಲ್ಲಗೆ ತಿರುಗಿಸುತ್ತಾ "ಬಂತಾ?" ಎಂದು ಕೂಗುವುದು, ಕೆಳಗೆ ಟಿವಿ ಮುಂದೆ ಕೂತವರು "ಇಲ್ಲ... ಇಲ್ಲ... ಹಾಂ, ಬಂತು ಬಂತು!" ಎನ್ನುವುದು. ಮೇಲಿನವರ ಕೆಲಸ ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ಕೆಳಗೆ ಕೂತವರದು. ಅವರಿಗೆ ಚಿತ್ರಹಾರ ಬೇಕಿತ್ತು. ಹೀಲಿಯಂನ ಮಾಡುಗಳ ಮೇಲೂ ಜನ ಅಷ್ಟೇ ಕಷ್ಟಪಟ್ಟು ಆಂಟೆನಾ ಕೂರಿಸಿದರು. "ಬಂತಾ?" ಎಂದು ಕೇಳಿದಾಗ "ಬಂತು" ಎಂದದ್ದು ಮಾತ್ರ ಪಕ್ಕದ ಬೀದಿಯ ಇನ್ನೊಂದು ಆಂಟೆನಾ.

ಕೆಳಗೆ ಕೂತವರು ಎಷ್ಟು ಮಂದಿ ಇದ್ದರು ಎಂಬುದಕ್ಕೆ ಒಂದು ಲೆಕ್ಕವಿದೆ. ಈ ಜಾಲದಲ್ಲಿ 24 ಬೈಟಿನ ಒಂದು ಪೊಟ್ಟಣ ಕಳಿಸಲು ತಗಲುವ ದರ 0.00001 ಡಾಲರ್. ಅಂದರೆ ಒಂದು ಡಾಲರಿಗೆ ಒಂದು ಲಕ್ಷ ಪೊಟ್ಟಣ. ಹೊಲದ ತೇವಮಾಪಕವೊಂದು ಗಂಟೆಗೆ ಒಂದರಂತೆ ವರ್ಷವಿಡೀ ಕಳಿಸಿದರೆ 8,760 ಪೊಟ್ಟಣ, ಖರ್ಚು 9 ಸೆಂಟಿಗಿಂತ ಕಡಿಮೆ. ರೈತನಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಒಂದು ಪೆಟ್ಟಿಗೆಯ 500 ಡಾಲರ್ ಬೆಲೆಯಷ್ಟು ವರಮಾನ ಬಳಕೆಯಿಂದಲೇ ಜಾಲಕ್ಕೆ ಬರಬೇಕಾದರೆ ಐದು ಕೋಟಿ ಪೊಟ್ಟಣ ಸಾಗಬೇಕು. ಐದು ಸಾವಿರದ ಏಳುನೂರು ತೇವಮಾಪಕಗಳು ಒಂದಿಡೀ ವರ್ಷ ಬಿಡದೆ ಮಾತಾಡಬೇಕು. ಅದೂ ಒಂದೇ ಪೆಟ್ಟಿಗೆಗೆ. 2022ರ ಜುಲೈನಲ್ಲಿ ಲಿರಾನ್ ಶಪೀರಾ ಎಂಬ ಉದ್ಯಮಿ ಲೆಕ್ಕ ತೆಗೆದು, ಇಡೀ ಜಾಲಕ್ಕೆ ಬಳಕೆಯಿಂದ ಬರುತ್ತಿರುವುದು ತಿಂಗಳಿಗೆ ಸುಮಾರು 6,500 ಡಾಲರ್ ಎಂದು ಬರೆದಾಗ ದೊಡ್ಡ ಗದ್ದಲವಾಯಿತು. ಅದೇ ತಿಂಗಳು ಇನ್ನೊಂದು ಸಂಗತಿ ಹೊರಬಂತು. ಜಾಲವನ್ನು ಬಳಸುವವರೆಂದು ಹೆಸರು ಹಾಕಿಕೊಂಡಿದ್ದ ಲೈಮ್ ಮತ್ತು ಸೇಲ್ಸ್‌ಫೋರ್ಸ್ ಕಂಪನಿಗಳು ತಮಗೂ ಅದಕ್ಕೂ ಅಂಥ ಸಂಬಂಧವಿಲ್ಲ ಎಂದವು. ಈ ಬಗ್ಗೆ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಹೂಡಿದ ದಾವೆ 2025ರ ಏಪ್ರಿಲ್‌ನಲ್ಲಿ, ಕಂಪನಿ ಎರಡು ಲಕ್ಷ ಡಾಲರ್ ಕಟ್ಟಲು ಒಪ್ಪುವುದರೊಂದಿಗೆ ಮುಗಿಯಿತು. ನಾಣ್ಯದ ಬೆಲೆ ಅಷ್ಟರೊಳಗೆ, 2022ರ ಕೊನೆಗೇ, ಎರಡು ಡಾಲರಿನ ಆಸುಪಾಸಿಗೆ ಇಳಿದಾಗಿತ್ತು.

ಇದನ್ನು 'ಕ್ರಿಪ್ಟೋ ಎಂದರೆ ಮೋಸ' ಎಂಬ ಒಂದು ಸಾಲಿನಲ್ಲಿ ಮುಗಿಸುವುದು ಸುಲಭ. ಹಾಗೆ ಮುಗಿಸಿದರೆ ಚಿಮ್ನಿ ಹತ್ತಿದವರನ್ನು ದುರಾಸೆಯವರು ಎಂದು ಬೈದು ಮಲಗಬಹುದು. ನನಗೆ ಕಾಡುವುದು ಬೇರೆ. ಒಂದು ಕೆಲಸ ಸೇವೆ ಎನಿಸಿಕೊಳ್ಳಲು ಏನು ಬೇಕು? ಒದಗಿಸಲು ಸಿದ್ಧವಾಗಿರುವುದಷ್ಟೇ ಸಾಕೇ, ಪಡೆಯುವವರು ಒಬ್ಬರಾದರೂ ಇರಬೇಕೇ?

ಸಿದ್ಧವಾಗಿರುವುದಕ್ಕೂ ಬೆಲೆಯುಂಟು ಎಂಬ ವಾದ ಹಗುರವಾದದ್ದಲ್ಲ. ಅಗ್ನಿಶಾಮಕ ದಳದವರು ಬಹುಪಾಲು ದಿನ ಬೆಂಕಿ ಆರಿಸುವುದಿಲ್ಲ, ಕಾಯುತ್ತಾರೆ. ಕಾಯುವುದಕ್ಕೇ ಸಂಬಳ. ದೀಪಸ್ತಂಭ ಹಡಗಿಲ್ಲದ ರಾತ್ರಿಯೂ ಉರಿಯುತ್ತದೆ. ಹಾಗಾದರೆ ತೇವಮಾಪಕ ಇನ್ನೂ ಬಾರದ ಊರಿನಲ್ಲಿ ಮೊದಲೇ ನಿಂತು ಕಾಯುವ ಆಂಟೆನಾ ಏಕೆ ದೀಪಸ್ತಂಭವಲ್ಲ? ರಸ್ತೆ ಮೊದಲು, ಬಸ್ಸು ಆಮೇಲೆ ಎಂದು ಜಾಲದವರು ವಾದಿಸಿದರೆ ತಪ್ಪೇನು?

ಇಲ್ಲಿ ನನಗೆ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1974ರಲ್ಲಿ ಬರೆದ ದೀಪಸ್ತಂಭದ ಲೇಖನ ನೆರವಿಗೆ ಬರುತ್ತದೆ. ದೀಪಸ್ತಂಭದ ಬೆಳಕಿಗೆ ಹಡಗಿನವರಿಂದ ಹಣ ವಸೂಲಿ ಮಾಡಲಾಗದು, ಅದನ್ನು ಸರ್ಕಾರವೇ ನಡೆಸಬೇಕು ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಾ ಬಂದಿದ್ದರು. ಕೋಸ್ ಬ್ರಿಟನ್ನಿನ ಇತಿಹಾಸ ತೆರೆದು ತೋರಿಸಿದ: ಅಲ್ಲಿ ಬಂದರಿಗೆ ಬಂದ ಹಡಗುಗಳಿಂದಲೇ ದೀಪದ ಸುಂಕ ತೆಗೆದುಕೊಳ್ಳುತ್ತಿದ್ದರು. ಅವನ ವಾದ ಸರ್ಕಾರ ಮತ್ತು ಖಾಸಗಿಯವರ ಕುರಿತದ್ದು, ನಾನು ಅದರಿಂದ ತೆಗೆದುಕೊಳ್ಳುವುದು ಬೇರೊಂದು ಎಳೆ. ಈ ರಾತ್ರಿ ಹಡಗು ಬಾರದಿರಬಹುದು. ಆದರೂ ದೀಪ ಎಲ್ಲಿರಬೇಕು, ಎಷ್ಟು ಎತ್ತರ ಇರಬೇಕು ಎಂಬುದನ್ನೆಲ್ಲ ಹಡಗಿನ ದಾರಿಯೇ ನಿರ್ಧರಿಸಿದೆ. ದೀಪದವನ ಕೂಲಿ ಹಡಗಿನ ಕಡೆಯಿಂದ ಬರುತ್ತದೆ. ಕಾಯುವುದು ಎಂದರೆ ಯಾರನ್ನೋ ಕಾಯುವುದು. ಹೀಲಿಯಂನ ಕಂಬದ ಜಾಗವನ್ನು ನಿರ್ಧರಿಸಿದ್ದು ಇನ್ನೊಂದು ಕಂಬ. ಅದರ ಕೂಲಿ ಬಂದದ್ದು ಮುಂದೆ ಬೆಲೆ ಏರೀತೆಂದು ನಾಣ್ಯ ಕೊಂಡವರ ಜೇಬಿನಿಂದ. ದೀಪಸ್ತಂಭಗಳು ಒಂದಕ್ಕೊಂದು ಕಾಣುವ ಹಾಗೆ ಕಟ್ಟಿಕೊಂಡು, ಕಂಡದ್ದಕ್ಕೆ ಒಂದಕ್ಕೊಂದು ರಸೀದಿ ಕೊಟ್ಟುಕೊಂಡ ಹಾಗೆ.

ಇದರ ಫಲ ಏನಾಯಿತೆಂದು ಜಾಲದ ನಿಯಮಗಳಲ್ಲಿಯೇ ಓದಬಹುದು. ಸಾಕ್ಷಿ ಹೇಳಲು ಅಕ್ಕಪಕ್ಕದವರು ಬೇಕು, ಆದರೆ 300 ಮೀಟರಿನೊಳಗಿನವರ ಸಾಕ್ಷಿ ನಡೆಯದು. ಒಂದೇ ಷಟ್ಕೋನದ ಮನೆಯೊಳಗೆ ಪೆಟ್ಟಿಗೆಗಳು ಹೆಚ್ಚಾದರೆ ಎಲ್ಲರ ಪಾಲೂ ಕಡಿಮೆಯಾಗುತ್ತದೆ. ಒಂದೇ ಕಡೆ ಗುಂಪುಗೂಡದಿರಲಿ ಎಂಬ ಸದುದ್ದೇಶದ ನಿಯಮಗಳಿವು. ಆದರೆ ಇವುಗಳಿಂದ ನೆರೆಯವರೆಂದರೆ ಯಾರು ಎಂಬುದೇ ಬದಲಾಯಿತು. ಅರ್ಧ ಕಿಲೋಮೀಟರು ಆಚೆಯವನು ಬಂಧು, ಪಕ್ಕದ ಮನೆಯವನು ಪ್ರತಿಸ್ಪರ್ಧಿ. ಪಕ್ಕದ ಚಿಮ್ನಿಯ ಮೇಲೆ ಹೊಸ ಕೋಲು ಕಂಡರೆ ಎದೆ ಧಸಕ್ಕೆನ್ನಬೇಕು. ಇನ್ನು ಊರಾಚೆಯ ಒಂಟಿ ತೋಟದ ಮನೆಯವನ ಪಾಡು ಕೇಳಲೇಬೇಡಿ. ಹೊಲದ ಸಾಧನಗಳಿಗೆ ಜಾಲ ನಿಜವಾಗಿ ಬೇಕಾದ ಜಾಗ ಅದು, ಅಲ್ಲಿ ಬೇರೆ ಯಾರೂ ಒದಗಿಸದೆ ಇರುವ ಜಾಗ. ಆದರೆ ಅವನ ಕೂಗಿಗೆ ಸಾಕ್ಷಿ ಹೇಳಲು ಸುತ್ತ ಇನ್ನೊಂದು ಪೆಟ್ಟಿಗೆ ಇಲ್ಲ. ಅವನ ಗಳಿಕೆ ಹೆಚ್ಚುಕಡಿಮೆ ಸೊನ್ನೆ. ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದಾದವನು ಎಲ್ಲರಿಗಿಂತ ಕಡಿಮೆ ಪಡೆದ.

ಸುಳ್ಳಿನ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಕೆಲವರು ಹತ್ತಾರು ಪೆಟ್ಟಿಗೆಗಳನ್ನು ಒಂದೇ ಕೋಣೆಯಲ್ಲಿ ಜೋಡಿಸಿಟ್ಟು, ನಕ್ಷೆಯಲ್ಲಿ ಮಾತ್ರ ಅವು ನಗರದ ಬೇರೆ ಬೇರೆ ಕಡೆ ಇವೆಯೆಂದು ತೋರಿಸಿ ಪರಸ್ಪರ ಸಾಕ್ಷಿ ಹೇಳಿಸಿದರು. ಅಂಥವರನ್ನು ಹಿಡಿಯಲು ಜಾಲದವರು ನಿಷೇಧಪಟ್ಟಿ ಮಾಡಬೇಕಾಯಿತು. ಇದು ಮೋಸ ಎನ್ನುವುದರಲ್ಲಿ ಅನುಮಾನವಿಲ್ಲ. ಮೋಸ ಯಾರಿಗಾಯಿತು? ದೀಪಸ್ತಂಭ ಉರಿಯುತ್ತಿದೆ ಎಂದು ಸುಳ್ಳು ಹೇಳಿದರೆ ಹಡಗು ಬಂಡೆಗೆ ಬಡಿಯುತ್ತದೆ, ಆ ಸುಳ್ಳನ್ನು ಸಮುದ್ರವೇ ಬಯಲು ಮಾಡುತ್ತದೆ. ಇಲ್ಲಿ ನಕ್ಷೆಯಲ್ಲಿದ್ದ ಜಾಲ ನಿಜಕ್ಕೂ ಇಲ್ಲವೆಂದು ಗೊತ್ತಾಗಿ ತೊಂದರೆಗೆ ಸಿಲುಕುವವರು ಅಲ್ಲಿ ಬಹಳ ಇರಲಿಲ್ಲ. ನಷ್ಟವಾದದ್ದು ಪ್ರಾಮಾಣಿಕವಾಗಿ ಮಾಡು ಹತ್ತಿದವರಿಗೆ, ಅವರ ಪಾಲಿನ ನಾಣ್ಯ ಕಡಿಮೆಯಾಯಿತು. ಪಡೆಯುವವರು ಇರುವ ಕಡೆ ಸುಳ್ಳು ತಾನಾಗಿ ಎಡವಿ ಬೀಳುತ್ತದೆ. ಅವರಿಲ್ಲದ ಕಡೆ ಅದನ್ನು ಹಿಡಿಯಲು ಪೊಲೀಸರು ಬೇಕು, ಅವರ ಮೇಲೆ ಇನ್ನಷ್ಟು ಪೊಲೀಸರು ಬೇಕು.

ಹಾಗಾದರೆ ಆ ಪ್ರಾಮಾಣಿಕರ ಶ್ರಮ? ತಾಮ್ರದ ತಂತಿಯನ್ನು ಸರಿಯಾಗಿ ಭೂಮಿಗಿಳಿಸಿದವರ ಶ್ರದ್ಧೆ ವ್ಯರ್ಥವೇ? ದಾರ್ಶನಿಕ ಅಲಾಸ್ಡೇರ್ ಮ್ಯಾಕಿಂಟೈರ್ 1981ರ ತನ್ನ 'ಆಫ್ಟರ್ ವರ್ಚ್ಯೂ' ಪುಸ್ತಕದಲ್ಲಿ ಒಂದು ಮಗುವಿನ ಉದಾಹರಣೆ ಕೊಡುತ್ತಾನೆ. ಚದುರಂಗದಲ್ಲಿ ಆಸಕ್ತಿಯಿಲ್ಲದ ಮಗುವಿಗೆ ಆಡಿದರೆ ಮಿಠಾಯಿ, ಗೆದ್ದರೆ ಇನ್ನೂ ಮಿಠಾಯಿ ಎಂದು ಆಸೆ ತೋರಿಸಿ ಆಟ ಕಲಿಸುತ್ತಾರೆ. ಮಿಠಾಯಿಗಾಗಿಯೇ ಆಡುವವರೆಗೆ ಮೋಸ ಮಾಡದಿರಲು ಮಗುವಿಗೆ ಕಾರಣವಿಲ್ಲ. ಎಂದೋ ಒಂದು ದಿನ ಆಟದ ಸೊಗಸೇ ಅದನ್ನು ಹಿಡಿದರೆ, ಆಗ ಮೋಸ ಮಾಡಿದರೆ ಸೋಲುವುದು ತಾನೇ ಎಂದು ಅದಕ್ಕೆ ತಿಳಿಯುತ್ತದೆ. ಚಿಮ್ನಿ ಹತ್ತಿದವರಲ್ಲಿಯೂ ಮಿಠಾಯಿಗಾಗಿ ಬಂದು ಆಟ ಕಲಿತವರು ಇದ್ದರೆಂದು ನಾನು ನಂಬುತ್ತೇನೆ. ಆ ಚಿತ್ರಗಳಲ್ಲಿನ ಅಚ್ಚುಕಟ್ಟನ್ನು ಬರಿಯ ಆಸೆ ಹುಟ್ಟಿಸಲಾರದು. ಬೆಲೆ ಬಿದ್ದ ಮೇಲಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಪೆಟ್ಟಿಗೆಗಳು ಆರಿಹೋದವು, ಆದರೆ ಎಲ್ಲವೂ ಆರಲಿಲ್ಲ.

ಮಿಠಾಯಿಯೇ ಇಲ್ಲದೆ ಇದೇ ಆಟ ಆಡಿದವರೂ ಇದ್ದಾರೆ. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾದ 'ದ ಥಿಂಗ್ಸ್ ನೆಟ್‌ವರ್ಕ್' ಬಳಸಿದ್ದು ಇದೇ ಲೋರಾ ತಂತ್ರಜ್ಞಾನವನ್ನು. ಹತ್ತು ಪೆಟ್ಟಿಗೆಗಳಿಂದ ಆರು ವಾರದಲ್ಲಿ ನಗರವನ್ನು ಆವರಿಸಿದರು, ಕೊಟ್ಟವರಿಗೆ ನಾಣ್ಯವಿಲ್ಲ. ಕಾಲುವೆಯಲ್ಲಿ ಕಟ್ಟಿದ ದೋಣಿಯೊಳಗೆ ನೀರು ತುಂಬಿದರೆ ತಿಳಿಸುವ ಸಾಧನ ಅವರು ಮೊದಮೊದಲು ಯೋಚಿಸಿದ ಉಪಯೋಗಗಳಲ್ಲಿ ಒಂದು. ಆ ನಗರದಲ್ಲಿ ದೋಣಿಯಿದೆ, ಮಳೆಯಿದೆ, ಮುಳುಗುವ ಭಯವಿದೆ. ಅಲ್ಲಿಂದ ಹೊರಟು ಅವರು ಪೆಟ್ಟಿಗೆಗೆ ಬಂದರು. ಈ ಮಾದರಿಯ ಮಿತಿಯನ್ನೂ ಹೇಳಬೇಕು. ಔದಾರ್ಯವುಳ್ಳ ಒಬ್ಬರು ಇಲ್ಲದ ಊರಿಗೆ ಈ ಜಾಲ ತಲುಪುವುದಿಲ್ಲ. ಹೀಲಿಯಂ ಮುಟ್ಟಿದ ಸಂಖ್ಯೆಯ ಹತ್ತಿರಕ್ಕೂ ಇದು ಬರಲಿಲ್ಲ. ಹಣಕ್ಕೆ ಜನರನ್ನು ಮಾಡು ಹತ್ತಿಸುವ ಶಕ್ತಿ ಇದೆ, ಅದನ್ನು ತಿರಸ್ಕರಿಸುವುದು ಹುಸಿ ಪಾವಿತ್ರ್ಯ.

ಬೇಸಿಗೆಯಲ್ಲಿ ನಮ್ಮ ರಸ್ತೆಬದಿಗಳಲ್ಲಿ ಇಡುವ ಅರವಟ್ಟಿಗೆಯಲ್ಲಿಯೂ ನಿಸ್ವಾರ್ಥ ಪೂರ್ತಿ ಇರುವುದಿಲ್ಲ. ಇಟ್ಟವರಿಗೆ ಪುಣ್ಯ ಬೇಕು, ಕೆಲವರಿಗೆ ಫ್ಲೆಕ್ಸಿನಲ್ಲಿ ಹೆಸರು ಬೇಕು. ಇರಲಿ. ಆದರೂ ಗಡಿಗೆಯನ್ನು ಜನ ನಡೆಯುವ ದಾರಿಯಲ್ಲಿಯೇ ಇಡುತ್ತಾರೆ. ಸಂಜೆ ಗಡಿಗೆಯಲ್ಲಿ ನೀರು ಹಾಗೆಯೇ ಉಳಿದಿದ್ದರೆ ಇಟ್ಟವರಿಗೆ ಗೊತ್ತಾಗುತ್ತದೆ. ಇನ್ನೊಂದು ಅರವಟ್ಟಿಗೆಗೆ ಕಾಣುವ ಹಾಗೆ ಯಾರೂ ಅರವಟ್ಟಿಗೆ ಇಡುವುದಿಲ್ಲ. ಕೊಡುವವನ ಮನಸ್ಸು ಬೆರಕೆಯಾಗಿದ್ದರೂ ಬಾಯಾರಿದವನು ಅದನ್ನು ಸರಿದಾರಿಯಲ್ಲಿ ಇಡುತ್ತಾನೆ. ನನ್ನ ತೀರ್ಮಾನ ಇಷ್ಟೇ: ಸೇವೆಯನ್ನು ಕೆಡಿಸುವುದು ಪ್ರತಿಫಲವಲ್ಲ. ಪಡೆಯುವವರ ಮಾತಿಗೆ ಇರಬೇಕಾದ ಜಾಗದಲ್ಲಿ ಕೊಡುವವರೇ ಒಬ್ಬರಿಗೊಬ್ಬರು ಸಾಕ್ಷಿಯಾಗಿ ಕೂತಾಗ ಅದು ಕೆಡುತ್ತದೆ.

ನಾನು ಸಂಶೋಧನಾ ವಿದ್ಯಾರ್ಥಿ. ಈ ತೀರ್ಮಾನ ನನ್ನ ಮನೆಗೂ ಬರುತ್ತದೆ. ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನವಾದರೂ ಪ್ರಕಟವಾಗಿರಬೇಕೆಂದು ಯುಜಿಸಿಯ 2016ರ ನಿಯಮಾವಳಿ ಹೇಳುತ್ತಿತ್ತು, 2022ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಕಡ್ಡಾಯ ಹೋದರೂ ಎಣಿಕೆಯ ಅಭ್ಯಾಸ ಹೋಗಿಲ್ಲ. ನಾವು ಬರೆಯುತ್ತೇವೆ, ಗೆಳೆಯರು ನಮ್ಮನ್ನು ಉಲ್ಲೇಖಿಸುತ್ತಾರೆ, ನಾವು ಗೆಳೆಯರನ್ನು ಉಲ್ಲೇಖಿಸುತ್ತೇವೆ. ಹಣ ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ನಿಯತಕಾಲಿಕಗಳಿವೆ. ಅವು ಕೋಣೆಯೊಳಗೆ ಜೋಡಿಸಿಟ್ಟ ಪೆಟ್ಟಿಗೆಗಳು. ಅವುಗಳ ಬಗ್ಗೆ ಎಲ್ಲರಿಗೂ ಗೊತ್ತಿದೆ, ಎಲ್ಲರೂ ಬೈಯುತ್ತಾರೆ. ಕಷ್ಟದ ಪ್ರಶ್ನೆ ಇರುವುದು ಪ್ರಾಮಾಣಿಕವಾಗಿ ಮಾಡು ಹತ್ತಿದವರ ವಿಷಯದಲ್ಲಿ. ಅಡಿಟಿಪ್ಪಣಿ ಸರಿಯಾಗಿದೆ, ವಾದ ನೇರವಾಗಿದೆ, ಭಾಷೆ ಅಚ್ಚುಕಟ್ಟಾಗಿದೆ. ಸಾಕ್ಷಿಗಳಿದ್ದಾರೆ. ಕೆಳಗಿನಿಂದ "ಬಂತು" ಎನ್ನುವವರು ಇದ್ದಾರೆಯೇ? ಎಲ್ಲ ಜ್ಞಾನವೂ ನಾಳೆಯೇ ಉಪಯೋಗಕ್ಕೆ ಬರಬೇಕೆಂದು ನಾನು ಹೇಳುತ್ತಿಲ್ಲ. ದೀಪಸ್ತಂಭದಂತೆ ಹಲವು ವರ್ಷ ಕಾಯುವ ಬರಹ ಇರುತ್ತದೆ, ಇರಬೇಕು. ಆದರೆ ಬರೆಯುವಾಗ ಯಾವ ಹಡಗಿನ ದಾರಿ ಕಣ್ಣ ಮುಂದಿತ್ತು ಎಂದು ಕೇಳಿದರೆ ಉತ್ತರ ಇರಬೇಕು.

ಹೀಲಿಯಂ ಕೂಡ ಕೊನೆಗೆ ಆ ಪ್ರಶ್ನೆಯ ಕಡೆಗೇ ಹೊರಳಬೇಕಾಯಿತು. 2023ರ ಡಿಸೆಂಬರಿನಲ್ಲಿ ಅದರ ಮೊಬೈಲ್ ಸೇವೆ ತಿಂಗಳಿಗೆ 20 ಡಾಲರಿನ ಯೋಜನೆಯೊಂದಿಗೆ ಅಮೆರಿಕದಾದ್ಯಂತ ಶುರುವಾಯಿತು. ಅದರ ಹೊಸ ವೈಫೈ ಪೆಟ್ಟಿಗೆಗಳು ಸಾಗಿಸುವುದು ನಿಜವಾದ ಜನರ ಫೋನಿನ ದತ್ತಾಂಶವನ್ನು. ಅಂಥ ಪೆಟ್ಟಿಗೆಗೆ ಚಿಮ್ನಿಯ ಎತ್ತರದಿಂದ ದೊಡ್ಡ ಪ್ರಯೋಜನವಿಲ್ಲ, ಜನ ಕೂತು ಕಾಫಿ ಕುಡಿಯುವ ಜಾಗದಲ್ಲಿದ್ದರೆ ಕೆಲಸಕ್ಕೆ ಬರುತ್ತದೆ. ಈ ಹೊಸ ಸೇವೆ ಗೆಲ್ಲುತ್ತದೋ ಸೋಲುತ್ತದೋ, ಅದು ಬೇರೆ ಮಾತು. ಗೆದ್ದರೂ ಸೋತರೂ ಹೇಳಬೇಕಾದವರು ಈಗ ಸರಿಯಾದ ಜಾಗದಲ್ಲಿ ಕೂತಿದ್ದಾರೆ. ಫೋನು ಹಿಡಿದವನಿಗೆ ಸಂಕೇತ ಸಿಗದಿದ್ದರೆ ಅವನು ಯಾವ ಸಾಕ್ಷಿಯನ್ನೂ ಕೇಳುವುದಿಲ್ಲ, ಬೈದು ಬೇರೆ ಕಂಪನಿಗೆ ಹೋಗುತ್ತಾನೆ. ಮಾಡಿನ ಮೇಲಿನವರಿಗೆ ಸಿಗಬೇಕಾದದ್ದು ಆ ಬೈಗುಳವೇ.